ಕುದಿನೀರು ಕಂಡ ಹಿಟ್ಟು

"ಗುರುತಾಯಿ, ಕಷ್ಟ ಕಂಡ ಮನುಷ್ಯರು ಕಲ್ಲಾಗುತ್ತಾರೆ. ಆ ಕಲ್ಲು ಮತ್ತೆ ಮೆತ್ತಗಾಗುವುದುಂಟೇ? ಇಲ್ಲವಾದರೆ ಇಲ್ಲ ಎಂದುಬಿಡಿ. ನಾಳೆಯೇ ಗಂಟು ಕಟ್ಟುತ್ತೇನೆ."

ಹೀಗೆ ಕೇಳಿದವಳು ಹಾಲಮ್ಮ. ಗಂಡನ ಮನೆಯವರು ಹೊರಗೆ ಹಾಕಿದ ಮೇಲೆ ಎಳೆಯ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಮಠಕ್ಕೆ ಬಂದವಳು. ಗುರುತಾಯಿ ಏನೂ ಕೇಳದೆ ಇರಲು ಒಂದು ಕೋಣೆ ಕೊಟ್ಟಿದ್ದರು. ಹಾಲಮ್ಮ ಆ ಕೋಣೆಯ ಮುಂದೆ ಕಲ್ಲು ಹೂಡಿ ಒಲೆ ಮಾಡಿಕೊಂಡಳು. ತನ್ನದೇ ಪಾತ್ರೆಯಲ್ಲಿ ಬೇಯಿಸಿಕೊಂಡಳು. ಮಠದ ಪಂಕ್ತಿಯಲ್ಲಿ ಒಂದು ದಿನವೂ ಕೂರಲಿಲ್ಲ. ಕೆಲಸಕ್ಕೆ ಎಲ್ಲರಿಗಿಂತ ಮುಂದೆ, ಊಟಕ್ಕೆ ಎಲ್ಲರಿಂದ ದೂರ. ಯಾರಾದರೂ ಊಟಕ್ಕೆ ಕರೆದರೆ, "ಕರೆದವರ ಮನೆಯಲ್ಲಿ ಉಂಡೇ ಈ ಗತಿಗೆ ಬಂದಿದ್ದೇನೆ" ಎನ್ನುತ್ತಿದ್ದಳು. ಕರೆಯುವವರು ಬರಬರುತ್ತಾ ಕರೆಯುವುದನ್ನು ಬಿಟ್ಟರು.

ಆ ದಿನ ಬೆಳಿಗ್ಗೆ ಅಡುಗೆಮನೆಯ ಮುದುಕಿಯೊಬ್ಬಳು ಮಗುವಿನ ಕೈಗೆ ಬೆಲ್ಲದ ಚೂರು ಕೊಟ್ಟಿದ್ದಳು. ಹಾಲಮ್ಮ ಅದನ್ನು ಕಿತ್ತು ಅಂಗಳಕ್ಕೆ ಎಸೆದಳು. "ನಾವೇನು ಭಿಕ್ಷೆಗೆ ಕೂತಿಲ್ಲ" ಎಂದಳು. ಮಗು ಅಳಲಿಲ್ಲ. ತಾಯಿಯ ಮುಖ ನೋಡಿ ಒಂದು ಹೆಜ್ಜೆ ಹಿಂದೆ ಸರಿಯಿತು. ಅಳು ಕೇಳಿದ್ದರೆ ಹಾಲಮ್ಮ ಗದರಿಸಿ ಸುಮ್ಮನಾಗಿಸುತ್ತಿದ್ದಳು. ಆ ಒಂದು ಹೆಜ್ಜೆಗೆ ಏನು ಮಾಡಬೇಕೆಂದು ಅವಳಿಗೆ ತಿಳಿಯಲಿಲ್ಲ. ಅದಕ್ಕೇ ಗುರುತಾಯಿಯ ಮುಂದೆ ಬಂದು ನಿಂತಿದ್ದಳು.

ಗುರುತಾಯಿ ಜಗಲಿಯಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದರು. ತಲೆ ಎತ್ತದೆ ಹೇಳಿದರು.

"ಕೂತುಕೋ. ಹಂದಿ ಮಾಂಸದ ಬನ್ನಿನ ಕತೆ ಹೇಳುತ್ತೇನೆ."

ಪಕ್ಕದಲ್ಲಿ ಸೊಪ್ಪಿನ ಕಡ್ಡಿ ಆರಿಸುತ್ತಿದ್ದ ಹಿರಿಯ ಶಿಷ್ಯ ಮರುಳಪ್ಪ ಎರಡೂ ಕೈ ಕಿವಿಗೆ ಇಟ್ಟುಕೊಂಡ.

"ಶಿವ ಶಿವಾ! ಮಠದ ಜಗಲಿಯಲ್ಲಿ ಹಂದಿಯ ಮಾತೇ, ತಾಯಿ?"

"ನಿನ್ನ ಎಲೆಗೆ ಯಾರು ಬಡಿಸಿದರು, ಮರುಳಪ್ಪ? ಕಿವಿಗೆ ಮಡಿ ಇಲ್ಲ. ಕೈ ತೆಗೆದು ಕೇಳು."

ಮರುಳಪ್ಪ ಕೈ ತೆಗೆದ. ಗುರುತಾಯಿ ಕತೆ ಶುರು ಮಾಡಿದರು.

ಕಡಲ ದಂಡೆಯ ಒಂದು ಊರು. ಅಲ್ಲಿ ಒಬ್ಬ ಬನ್ನಿನವಳಿದ್ದಳು. ಅವಳ ಹಿರಿಯರು ಚೀನಾ ದೇಶದಿಂದ ಹಡಗಿನಲ್ಲಿ ಬಂದು ಅಲ್ಲೇ ನಿಂತವರು. ಬರುವಾಗ ತಂದ ಬಟ್ಟೆ ಹರಿಯಿತು, ಪೆಟ್ಟಿಗೆಗೆ ಗೆದ್ದಲು ಹಿಡಿಯಿತು, ಮಾತು ಕೂಡ ಮೊಮ್ಮಕ್ಕಳ ಕಾಲಕ್ಕೆ ಊರಿನ ಮಾತೇ ಆಯಿತು. ಉಳಿದದ್ದು ಬನ್ನು ಮಾಡುವ ಕ್ರಮ ಒಂದೇ. ಆದ್ದರಿಂದ ಅದನ್ನು ಅವಳು ದೇವರ ಮನೆಯ ಹಾಗೆ ಕಾಯುತ್ತಿದ್ದಳು.

ಕ್ರಮ ಹೀಗಿತ್ತು. ಮೈದಾಹಿಟ್ಟಿಗೆ ಸ್ವಲ್ಪ ಕಳ್ಳು, ಸ್ವಲ್ಪ ಸಕ್ಕರೆ, ಉಗುರುಬೆಚ್ಚಗಿನ ನೀರು. ಮರದ ಮರಿಗೆಯಲ್ಲಿ ಹಾಕಿ ಹಂದಿಯ ನೆಣ ಸವರಿ ನಾದಬೇಕು. ಮುಚ್ಚಿಟ್ಟರೆ ಹಿಟ್ಟು ಹುಳಿತು ಉಬ್ಬಿ ಏಳುತ್ತದೆ. ಅಷ್ಟರಲ್ಲಿ ಹಂದಿ ಮಾಂಸವನ್ನು ಸಣ್ಣಗೆ ಕತ್ತರಿಸಿ, ಈರುಳ್ಳಿ ಮತ್ತು ಕಪ್ಪು ಸೋಯಾ ರಸ ಹಾಕಿ, ನೀರೆಲ್ಲ ಆರುವವರೆಗೆ ಹುರಿಯಬೇಕು. ಆ ಹೂರಣ ಪೂರ್ತಿ ತಣ್ಣಗಾದ ಮೇಲೆ ಹಿಟ್ಟಿನ ಉಂಡೆಯಲ್ಲಿಟ್ಟು, ಅಂಚನ್ನು ನೆರಿಗೆ ಹಿಡಿದ ಹಾಗೆ ಹಿಡಿದು ಮುಚ್ಚಬೇಕು. ನೆರಿಗೆ ಕೆಳಗೆ ಮಾಡಿ, ಮೇಲೆ ಮೊಟ್ಟೆಯ ಹಳದಿ ಸವರಿ, ಮಣ್ಣಿನ ಗೂಡೊಲೆಗೆ ಇಡಬೇಕು.

ಒಲೆಯಿಂದ ತೆಗೆದ ಬನ್ನು ಹತ್ತಿಯಂತಿರುತ್ತಿತ್ತು. ಊರಿನ ಜನ ಬಾಯಿ ಸುಟ್ಟುಕೊಂಡೇ ತಿನ್ನುತ್ತಿದ್ದರು. ಆ ಬನ್ನಿಗೆ ಇದ್ದ ದೋಷ ಒಂದೇ. ಮರುದಿನ ಅದು ಗಟ್ಟಿಯಾಗುತ್ತಿತ್ತು. ಊರಿನವರಿಗೆ ಅದು ತಿಳಿದಿರಲಿಲ್ಲ, ಏಕೆಂದರೆ ಯಾರ ಮನೆಯಲ್ಲೂ ಬನ್ನು ಮರುದಿನದವರೆಗೆ ಉಳಿಯುತ್ತಿರಲಿಲ್ಲ. ತಿಳಿದಿದ್ದವರು ಮೀನಿನ ದೋಣಿಯವರು. ಅವರು ಸಂಜೆ ಬುತ್ತಿ ಕಟ್ಟಿಸಿಕೊಂಡು ಕಡಲಿಗೆ ಹೋಗಿ, ಮರುದಿನ ಮಧ್ಯಾಹ್ನ ತಿನ್ನುವವರು.

ಒಂದು ದಿನ ದೋಣಿಯ ಯಜಮಾನ ಬನ್ನಿನವಳಿಗೆ ಹೇಳಿದ.

"ಅಮ್ಮಾ, ನಿನ್ನ ಬನ್ನು ಕಟ್ಟಿಕೊಂಡು ಹೋದರೆ ದೋಣಿಗೆ ಬೇರೆ ಲಂಗರು ಬೇಡ."

"ಬಿಸಿ ಇದ್ದಾಗ ತಿನ್ನಬೇಕು. ಬನ್ನಿನ ತಪ್ಪಲ್ಲ ಅದು, ನಿನ್ನ ಹೊಟ್ಟೆಯ ತಪ್ಪು" ಎಂದಳು ಬನ್ನಿನವಳು.

ಇಂಥ ಮನೆಗೆ ಒಬ್ಬ ಸೊಸೆ ಬಂದಳು. ಘಟ್ಟದ ಬುಡದ ಹಳ್ಳಿಯವಳು. ಅವಳ ತವರಿನಲ್ಲೂ ಹಂದಿ ಮಾಂಸ ತಿನ್ನುತ್ತಿದ್ದರು, ಆ ವಿಷಯದಲ್ಲಿ ಜಗಳವಿರಲಿಲ್ಲ. ಜಗಳವಿದ್ದದ್ದು ಹಿಟ್ಟಿನ ವಿಷಯದಲ್ಲಿ. ಅವಳು ಹುಟ್ಟಿದಾಗಿನಿಂದ ಕಂಡದ್ದು ಅಕ್ಕಿರೊಟ್ಟಿ. ನೀರು ಕುದಿಯಬೇಕು, ಕುದಿಯುವ ನೀರಿಗೆ ಹಿಟ್ಟು ಸುರಿದು ತಿರುವಿ ಉಕ್ಕರಿಸಬೇಕು, ಆಮೇಲೆ ನಾದಬೇಕು. ಅವಳ ಪಾಲಿಗೆ ಹಿಟ್ಟು ಎಂದರೆ ಅದೇ.

ಅತ್ತೆ ಮೊದಲ ದಿನವೇ ಗೆರೆ ಎಳೆದಳು. "ನೀನು ಮಾಂಸ ಕತ್ತರಿಸು, ಈರುಳ್ಳಿ ಹೆಚ್ಚು. ಮರಿಗೆಯ ಹತ್ತಿರ ಬರಬೇಡ. ನಿನ್ನ ಕೈ ರೊಟ್ಟಿಯ ಕೈ."

ಸೊಸೆ ಮಾಂಸ ಕತ್ತರಿಸಿದಳು. ಈರುಳ್ಳಿ ಹೆಚ್ಚಿದಳು. ಅಡುಗೆಮನೆಯ ಒಂದು ಮೂಲೆಯಲ್ಲಿ ಕತ್ತಿಮಣೆ, ಇನ್ನೊಂದು ಮೂಲೆಯಲ್ಲಿ ಮರಿಗೆ. ನಡುವೆ ಇದ್ದದ್ದು ನಾಲ್ಕು ಮಾರು ನೆಲ. ಬಂದು ವರ್ಷ ಕಳೆದರೂ ಸೊಸೆ ಅದನ್ನು ದಾಟಲಿಲ್ಲ. ಮರಿಗೆ ಮುಟ್ಟುವವರೆಗೆ ತಾನು ಈ ಮನೆಗೆ ಬಂದ ಆಳು, ಸೊಸೆಯಲ್ಲ ಎಂದು ಅವಳಿಗೆ ಅನಿಸುತ್ತಿತ್ತು. ಗಂಡನಿಗೆ ಹೇಳಿದರೆ ಅವನು ಬಲೆಯ ಸಿಕ್ಕು ಬಿಡಿಸಲು ಕಡಲ ಕಡೆ ಹೋಗುತ್ತಿದ್ದ. ಮನೆಯ ಸಿಕ್ಕಿಗಿಂತ ಬಲೆಯ ಸಿಕ್ಕು ಸುಲಭ.

ಹೀಗಿರುವಾಗ ಪಕ್ಕದ ಊರಿನಲ್ಲಿ ಅತ್ತೆಯ ಮಗಳಿಗೆ ಹೆರಿಗೆ ನೋವು ಕಾಣಿಸಿಕೊಂಡಿತು. ಅತ್ತೆ ನಸುಕಿನಲ್ಲೇ ಹೊರಟಳು. ಅಂದು ಸಂಜೆ ದೋಣಿಯವರ ಬುತ್ತಿ ಕೊಡಬೇಕಿತ್ತು.

"ನಾನು ಹೊತ್ತು ಏರುವುದರೊಳಗೆ ಬರುತ್ತೇನೆ. ನೀನು ಹಿಟ್ಟು ಜರಡಿ ಹಿಡಿದಿಡು. ನೀರು ಬೆಚ್ಚಗೆ ಮಾಡಿಡು. ಅಷ್ಟೇ. ಉಳಿದದ್ದು ನನ್ನ ಕೆಲಸ" ಎಂದಳು.

ಸೊಸೆ ಹಿಟ್ಟು ಜರಡಿ ಹಿಡಿದಳು. ನೀರಿಟ್ಟಳು. ಮಾಂಸ ಕತ್ತರಿಸಿದಳು. ಅತ್ತೆ ಬರಲಿಲ್ಲ. ಬಾಗಿಲಿಗೆ ಹೋಗಿ ದಾರಿ ನೋಡಿ ಬಂದಳು. ಬರುವಷ್ಟರಲ್ಲಿ ನೀರು ಕೊತಕೊತ ಕುದಿಯುತ್ತಿತ್ತು. ಕುದಿಯುವ ನೀರು, ಪಕ್ಕದಲ್ಲಿ ಜರಡಿ ಹಿಡಿದ ಹಿಟ್ಟು. ಅವಳ ಕೈ ಅವಳನ್ನು ಕೇಳಲಿಲ್ಲ. ಬೊಗಸೆ ಬೊಗಸೆ ಹಿಟ್ಟು ನೀರಿಗೆ ಬಿತ್ತು. ಸೌಟು ತಿರುಗಿತು. ಹಿಟ್ಟು ಗಂಟಿಲ್ಲದೆ ಮಂದವಾಗಿ, ಹೊಳೆಯುವ ಮುದ್ದೆಯಾದಾಗ ಅವಳಿಗೆ ತಾನು ಯಾರ ಮನೆಯಲ್ಲಿದ್ದೇನೆಂದು ನೆನಪಾಯಿತು.

ಅದೇ ಹೊತ್ತಿಗೆ ಅತ್ತೆ ಬಾಗಿಲಲ್ಲಿ ನಿಂತಳು. ಮೊಮ್ಮಗಳು ಹುಟ್ಟಿದಳು ಎಂದು ಹೇಳಲು ತೆರೆದ ಬಾಯಿ ಪಾತ್ರೆ ಕಂಡು ಮುಚ್ಚಿಕೊಂಡಿತು.

"ಏನಿದು?"

"ಉಕ್ಕರಿಸಿದೆ, ಅತ್ತೆ. ಗೊತ್ತಿಲ್ಲದೆ ಆಯಿತು."

"ಉಕ್ಕರಿಸಿದೆಯಾ! ಕುದಿನೀರು ಕಂಡ ಹಿಟ್ಟು ಸತ್ತ ಹಿಟ್ಟು. ಅದಕ್ಕೆ ಕಳ್ಳು ಹಾಕಿದರೂ ಅಷ್ಟೇ, ಅಮೃತ ಹಾಕಿದರೂ ಅಷ್ಟೇ, ಏಳುವುದಿಲ್ಲ. ಗೋಡೆಗೆ ಕಾಗದ ಅಂಟಿಸಲು ಚೆನ್ನಾಗಿದೆ, ತೆಗೆದುಕೊಂಡು ಹೋಗು."

"ನಮ್ಮ ಕಡೆ ಕುದಿನೀರು ಕಾಣದ ಹಿಟ್ಟಿಗೆ ಕೈಯೇ ಹಾಕುವುದಿಲ್ಲ ಅತ್ತೆ. ತಟ್ಟಿದರೆ ಅಂಚು ಒಡೆಯುತ್ತದೆ."

"ನಿಮ್ಮ ಕಡೆ! ನಾಳೆ ನಿನ್ನ ಅಮ್ಮನನ್ನು ಕರೆಸುತ್ತೇನೆ. ಏನು ಕಲಿಸಿ ಕಳಿಸಿದ್ದಾಳೆ ಎಂದು ಅವಳ ಬಾಯಿಂದಲೇ ಕೇಳಬೇಕು. ಆಮೇಲೆ ನೀನು ಬೇಕಾದರೆ ಅವಳ ಜೊತೆ ನಿಮ್ಮ ಕಡೆಗೇ ಹೋಗು."

ತನಗೆ ಬೈದರೆ ಸೊಸೆ ನುಂಗಿಕೊಳ್ಳುತ್ತಿದ್ದಳು. ಮಾತು ತಾಯಿಗೆ ತಗುಲಿತು. ಅವಳು ಸೌಟು ಕೆಳಗಿಟ್ಟಳು.

ಅತ್ತೆ ಉಳಿದ ಹಿಟ್ಟನ್ನು ನೋಡಿದಳು. ಸಾಲುವಂತಿರಲಿಲ್ಲ. ಊರಿಗೆ ಹಿಟ್ಟು ಹಡಗಿನಲ್ಲಿ ಬರುತ್ತಿತ್ತು, ಹಡಗು ಬರಲು ಇನ್ನೂ ದಿನವಿತ್ತು. ಬುತ್ತಿ ಕಡಿಮೆಯಾದರೆ ದೋಣಿಯವರಲ್ಲಿ ಅರ್ಧ ಜನ ಕಡಲ ನಡುವೆ ಹಸಿದು ಕೂರಬೇಕು. ಅವಳಿಗೆ ಮಗಳ ಮನೆಯಿಂದ ನಡೆದು ಬಂದ ಸುಸ್ತು. ಅವಳು ಗೂಡೊಲೆಯ ಕಡೆ ತಿರುಗಿ, ಸೌದೆ ಒಟ್ಟುತ್ತಾ ಬೆನ್ನು ಕೊಟ್ಟೇ ಹೇಳಿದಳು.

"ಕೆಡಿಸಿದವಳೇ ದಾರಿ ಹುಡುಕು. ನಾನು ಆ ಮರಿಗೆಯ ಮುಖ ನೋಡುವುದಿಲ್ಲ."

ಸೊಸೆ ಮೊದಲ ಸಲ ಆ ನಾಲ್ಕು ಮಾರು ನೆಲ ದಾಟಿದಳು. ಹೀಗೆ ದಾಟಬೇಕಾಗುತ್ತದೆ ಎಂದು ಅವಳು ಎಣಿಸಿರಲಿಲ್ಲ.

ಅವಳು ಆ ಮುದ್ದೆಯಿಂದ ಒಂದು ಚೂರು ತೆಗೆದು, ಕಳ್ಳು ಬೆರೆಸಿ, ಕೆಂಡದ ಮೇಲೆ ಸುಟ್ಟು ನೋಡಿದಳು. ಅದು ಏಳಲಿಲ್ಲ. ಚಪ್ಪಟೆಯಾಗಿ, ಅಗಿದರೆ ಹಲ್ಲಿಗೆ ಅಂಟುವ ತೊಗಲಿನಂತಾಯಿತು. ಅತ್ತೆ ಹೇಳಿದ್ದು ನಿಜ. ಅದಷ್ಟಕ್ಕೇ ಬಿಟ್ಟರೆ ಆ ಹಿಟ್ಟಿನಿಂದ ಏನೂ ಆಗುವುದಿಲ್ಲ.

ಅವಳು ಕಣ್ಣು ಒರೆಸಿಕೊಂಡು, ಉಳಿದ ಹಿಟ್ಟನ್ನೆಲ್ಲ ಮರಿಗೆಗೆ ಸುರಿದು ಕಳ್ಳು, ಸಕ್ಕರೆ, ಬೆಚ್ಚಗಿನ ನೀರು ಹಾಕಿ ಕಲಸಿ ಯೋಚಿಸಿದಳು. ಹಸಿ ಹಿಟ್ಟು ಮರಿಗೆಯಲ್ಲಿದೆ, ಏಳಬಲ್ಲದು, ಆದರೆ ಸಾಲದು. ಉಕ್ಕರಿಸಿದ್ದು ಪಾತ್ರೆಯಲ್ಲಿದೆ, ಬೇಕಾದಷ್ಟಿದೆ, ಆದರೆ ಏಳದು. ಎರಡನ್ನೂ ಕೂಡಿಸುವುದೊಂದೇ ದಾರಿ. ಒಡನೆ ಕೂಡಿಸಲು ಹೋದವಳು ಕೈ ಹಿಂದೆ ತೆಗೆದಳು. ಮುದ್ದೆ ಇನ್ನೂ ಸುಡುತ್ತಿತ್ತು. ಬಿಸಿ ಹಾಲಿಗೆ ಹೆಪ್ಪು ಹಾಕಿದರೆ ಮೊಸರಾಗುವುದಿಲ್ಲ ಎಂದು ಅವಳಿಗೆ ಗೊತ್ತು. ಈ ಬಿಸಿ ಹೋಗಿ ಆ ಹಸಿ ಹಿಟ್ಟಿಗೆ ತಗುಲಿದರೆ ಏಳುವುದೂ ಏಳದಂತಾಗುತ್ತದೆ. ಅವಳು ಪಾತ್ರೆಯನ್ನು ಕಿಟಕಿಯ ಗಾಳಿಗೆ ಇಟ್ಟಳು. ಹೊತ್ತು ಓಡುತ್ತಿತ್ತು. ಆದರೂ ಕಾದಳು. ಬೆರಳಿಟ್ಟರೆ ತಣ್ಣಗಿದೆ ಎನ್ನುವವರೆಗೆ ಕಾದಳು.

ಆಮೇಲೆ ಮುದ್ದೆಯನ್ನು ಚೂರು ಚೂರಾಗಿ ಹಸಿ ಹಿಟ್ಟಿಗೆ ಸೇರಿಸಿ ನಾದಿದಳು. ಅದು ಸುಲಭಕ್ಕೆ ಸೇರಲಿಲ್ಲ. ಬೆರಳಿಗೆ ಅಂಟಿತು, ಮರಿಗೆಗೆ ಅಂಟಿತು, ಬಳೆಗೆ ಅಂಟಿತು. ಒಣ ಹಿಟ್ಟು ಉದುರಿಸೋಣವೆಂದರೆ ಒಣ ಹಿಟ್ಟು ಇರಲಿಲ್ಲ. ಇದ್ದದ್ದು ಕೈ ಮಾತ್ರ. ಬಳೆ ತೆಗೆದಿಟ್ಟು ನಾದಿದಳು. ಭುಜ ನೋಯುವವರೆಗೆ ನಾದಿದಳು. ಒಂದು ಹೊತ್ತಿನಲ್ಲಿ ಹಿಟ್ಟು ಮರಿಗೆಯನ್ನು ಬಿಟ್ಟಿತು. ಆಮೇಲೆ ಅವಳ ಕೈಯನ್ನು ಬಿಟ್ಟಿತು. ಯಾವುದು ಹಸಿ, ಯಾವುದು ಉಕ್ಕರಿಸಿದ್ದು ಎಂದು ಹೇಳಲು ಮಾಡಿದವಳಿಗೇ ಆಗಲಿಲ್ಲ.

ಮುಚ್ಚಿಟ್ಟಳು. ಹಿಟ್ಟು ಏಳಲು ತಡ ಮಾಡಿತು. ಮುಖ ನೋಡುವುದಿಲ್ಲ ಎಂದಿದ್ದ ಅತ್ತೆ ಏನೋ ನೆಪ ತೆಗೆದು ಮರಿಗೆಯ ಸುತ್ತ ಸುಳಿದಳು.

"ಮಲಗಿದೆಯೇನು ನಿನ್ನ ಹಿಟ್ಟು?"

"ಆಯಾಸವಾಗಿದೆ, ಅತ್ತೆ. ಏಳುತ್ತದೆ."

ಎದ್ದಿತು. ಅತ್ತೆ ತಾನು ಹುರಿದು ಆರಿಸಿಟ್ಟಿದ್ದ ಹೂರಣದ ಪಾತ್ರೆ ತಂದು ಮಧ್ಯೆ ಇಟ್ಟಳು. ಇಬ್ಬರೂ ಕೂತು ತುಂಬಿದರು. ಅತ್ತೆಯ ನೆರಿಗೆ ಮದುವಣಗಿತ್ತಿಯ ಸೀರೆಯಂತೆ ಬಂತು. ಸೊಸೆಯದು ಅವಸರದಲ್ಲಿ ಉಟ್ಟ ಹಾಗೆ ಬಂತು. ಒಲೆಯಿಂದ ತೆಗೆದಾಗ ಬನ್ನುಗಳು ಎಂದಿನಂತೆಯೇ ಇದ್ದವು. ಎಂದಿಗಿಂತ ಹೆಚ್ಚು ಉಬ್ಬಿರಲಿಲ್ಲ, ಹೆಚ್ಚು ಬಣ್ಣವೂ ಬಂದಿರಲಿಲ್ಲ. ಅತ್ತೆ ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡಳು.

"ಬನ್ನಾಗಿದೆ" ಎಂದಳು.

ಸೊಸೆ ಉಸಿರು ಬಿಟ್ಟಳು. ಅತ್ತೆ ಮಾತು ಮುಗಿಸಿರಲಿಲ್ಲ.

"ಬಿಸಿಯಲ್ಲಿ ಯಾರು ಮಾಡಿದ ಬನ್ನಾದರೂ ಮೆತ್ತಗೇ ಇರುತ್ತದೆ. ನಿನ್ನ ಅಮ್ಮನಿಗೆ ಹೇಳಿ ಕಳಿಸುವುದನ್ನು ನಾನು ಮರೆತಿಲ್ಲ."

ದೋಣಿಯವರು ಬುತ್ತಿ ಹೊತ್ತು ಹೋದರು. ಮರುದಿನ ಬೆಳಿಗ್ಗೆ ಅತ್ತೆ ಸೊಸೆಯ ತವರಿಗೆ ಆಳು ಕಳಿಸಲಿಲ್ಲ, ಕಳಿಸುವುದಿಲ್ಲವೆಂದೂ ಹೇಳಲಿಲ್ಲ. ಸೊಸೆ ಮತ್ತೆ ಕತ್ತಿಮಣೆಯ ಮುಂದೆ ಕೂತಳು. ಸೀರೆಗಳನ್ನು ಮಡಿಸಿ ಗಂಟು ಕಟ್ಟುವ ಬಟ್ಟೆಯ ಮೇಲೆ ಇಟ್ಟಿದ್ದಳು. ಕಟ್ಟಿರಲಿಲ್ಲ.

ಸಂಜೆ ದೋಣಿಗಳು ಬಂದವು. ಯಜಮಾನ ಮೀನು ಇಳಿಸುವ ಮೊದಲೇ ಬನ್ನಿನ ಮನೆಯ ಅಂಗಳಕ್ಕೆ ಬಂದು ನಿಂತ.

"ನಿನ್ನೆ ಬನ್ನು ಮಾಡಿದವರು ಯಾರು? ಹೊರಗೆ ಬನ್ನಿ."

ಸೊಸೆ ಬಾಗಿಲ ಹಿಂದೆ ಸರಿದಳು. ಹೊರಗೆ ಬಂದವಳು ಅತ್ತೆ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ನಾನು ಮಾಡಿದ್ದು. ಏನಾಯಿತು, ಹೇಳು."

ಬಾಗಿಲ ಹಿಂದಿದ್ದ ಸೊಸೆ ಆ ಮಾತು ಕೇಳಿದಳು. ಬೈಗುಳ ಬರುವ ಹೊತ್ತಿನಲ್ಲಿ ಅತ್ತೆ ತನ್ನ ಮುಂದೆ ನಿಂತಿದ್ದಾಳೆ ಎಂದು ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ಏನಾಯಿತೇ? ನಮ್ಮ ದೋಣಿಯಲ್ಲಿ ಹಲ್ಲಿಲ್ಲದ ಮುದುಕ ಒಬ್ಬನಿದ್ದಾನಮ್ಮ. ನಿನ್ನ ಬನ್ನನ್ನು ಚಹಾದಲ್ಲಿ ಅದ್ದಿ, ನಿನಗೆ ಬೈದು, ಚೀಪುವವನು. ಇವತ್ತು ಮಧ್ಯಾಹ್ನ ಅದ್ದದೆ ಹಾಗೇ ತಿಂದ. ತಿಂದು ಇನ್ನೊಂದು ಕೇಳಿದ. ಇಲ್ಲ ಎಂದರೆ ನನ್ನ ಕೈಯಲ್ಲಿದ್ದುದನ್ನು ಕಿತ್ತುಕೊಂಡ. ಯಜಮಾನ ಎನ್ನುವ ಮರ್ಯಾದೆಯೂ ಇಲ್ಲ! ನಿನ್ನೆ ಏನು ಹಾಕಿದೆ ಅದಕ್ಕೆ?"

ಅತ್ತೆ ಒಳಗೆ ಬಂದಳು. ಗೋಡೆಯ ಗೂಡಿನಲ್ಲಿ ನಿನ್ನೆಯ ಒಂದು ಬನ್ನು ಉಳಿದಿತ್ತು. ಹೆಬ್ಬೆರಳಿನಿಂದ ಒತ್ತಿದಳು. ಬೆರಳು ಒಳಗೆ ಹೋಯಿತು. ತೆಗೆದಳು. ಬನ್ನು ಮೆಲ್ಲಗೆ ಮೇಲೆ ಬಂತು. ಮತ್ತೆ ಒತ್ತಿದಳು. ಮತ್ತೆ ಬಂತು. ಅವಳು ಬಾಗಿಲ ಹಿಂದೆ ನಿಂತಿದ್ದ ಸೊಸೆಯನ್ನು ನೋಡಿದಳು.

"ನಿನ್ನ ಅಮ್ಮನನ್ನು ಕರೆಸಲೇಬೇಕು" ಎಂದಳು.

"ಅತ್ತೇ..."

"ಇಂಥದ್ದು ಕಲಿಸಿ ಕಳಿಸಿದವಳ ಮುಖವನ್ನು ನಾನೊಮ್ಮೆ ನೋಡಬೇಡವೇ?"

ಮರುದಿನ ನಸುಕಿನಲ್ಲಿ ಸೊಸೆ ಕತ್ತಿಮಣೆ ತೆಗೆಯಲು ಹೋದಳು. ಅದು ಇದ್ದ ಮೂಲೆಯಲ್ಲಿ ಇರಲಿಲ್ಲ. ಮರಿಗೆಯ ಪಕ್ಕದಲ್ಲಿತ್ತು. ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಅತ್ತೆ ಹಿಟ್ಟಿನ ಡಬ್ಬಿ ಹಿಡಿದು ನಿಂತಿದ್ದಳು.

"ನಿಂತು ನೋಡುವುದೇನು? ಎಷ್ಟು ಹಾಕಬೇಕು, ತೋರಿಸು ಬಾ."

ಗುರುತಾಯಿ ಕತೆ ನಿಲ್ಲಿಸಿದರು. ಸೊಪ್ಪಿನ ಬುಟ್ಟಿ ತುಂಬಿತ್ತು. ಮರುಳಪ್ಪನ ಮುಂದೆ ಇದ್ದ ಕಡ್ಡಿಗಳು ಹಾಗೇ ಇದ್ದವು. ಅವನು ಮೆಲ್ಲಗೆ ಕೇಳಿದ.

"ತಾಯಿ, ಸತ್ತ ಹಿಟ್ಟು ಅಷ್ಟು ಬನ್ನನ್ನು ಹೇಗೆ ಮೆತ್ತಗೆ ಇಟ್ಟಿತು?"

"ಈಗ ಹಂದಿ ಮಾಂಸ ವಾಸನೆ ಬರುವುದಿಲ್ಲವೋ?" ಗುರುತಾಯಿ ನಕ್ಕರು. "ಹಸಿ ಹಿಟ್ಟು ನೀರು ಕುಡಿಯುತ್ತದೆ, ಬಿಸಿ ತಗುಲಿದರೆ ಬಿಟ್ಟುಬಿಡುತ್ತದೆ, ಮರುದಿನ ಒಣಗುತ್ತದೆ. ಕುದಿನೀರು ಕಂಡ ಹಿಟ್ಟು ಹಾಗಲ್ಲ. ಕುಡಿದ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಆಮೇಲೆ ಎಷ್ಟು ಬೇಯಿಸಿದರೂ ಬಿಡುವುದಿಲ್ಲ. ಉಳಿದವರು ಒಣಗುವ ಹೊತ್ತಿಗೆ ಆ ತೇವ ಎಲ್ಲರಿಗೂ ಆಗುತ್ತದೆ."

ಹಾಲಮ್ಮ ಅಷ್ಟು ಹೊತ್ತೂ ನೆಲ ನೋಡುತ್ತಿದ್ದಳು. ಅಂಗಳದ ಆಚೆ ಅಡುಗೆಮನೆಯಲ್ಲಿ ಎಲೆ ಹಾಸುವ ಸದ್ದು ಕೇಳಿಸಿತು. ಅಲ್ಲಿ ಆ ಮುದುಕಿಯ ಪಕ್ಕದಲ್ಲಿ ಮಗು ನಿಂತಿತ್ತು. ಇತ್ತ ನೋಡುತ್ತಿತ್ತು, ಹತ್ತಿರ ಬರುತ್ತಿರಲಿಲ್ಲ.

"ಹಾಗಾದರೆ ನಾನು ಕಲ್ಲಲ್ಲವೇ, ಗುರುತಾಯಿ?"

ಗುರುತಾಯಿ ಸೊಪ್ಪಿನ ಬುಟ್ಟಿ ಎತ್ತಿ ಅವಳ ಮಡಿಲಿಗೆ ಇಟ್ಟರು.

"ಅಲ್ಲ, ಹಾಲಮ್ಮ. ಬೇರೆ ಪಾತ್ರೆಯಲ್ಲಿ ಉಳಿದುಹೋದ ಹಿಟ್ಟು."

ಹಾಲಮ್ಮ ಬುಟ್ಟಿ ಎತ್ತಿಕೊಂಡು, ಅಂಗಳ ದಾಟಿ, ಮಗು ನಿಂತಿದ್ದ ಅಡುಗೆಮನೆಯ ಕಡೆ ನಡೆದಳು.